ಸಹಾಯ ಬೇಕು: ಹೊಸ ಓದುಗರನ್ನು ಹಿಡಿದಿಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಹಕ್ಕಿಗಳ ಬಗ್ಗೆ ತಿಂಗಳಿಗೊಮ್ಮೆ ಎರಡು ಪುಟ ಬರೆದು, ಜೆರಾಕ್ಸ್ ಮಾಡಿಸಿ, ವಾಕಿಂಗ್ ಬರುವವರಿಗೆ ಹಂಚುತ್ತೇನೆ. ಹಳಬರು ಬಿಡದೆ ಓದುತ್ತಾರೆ. ಹೊಸಬರು ಮೊದಲ ಪ್ಯಾರಾದಲ್ಲೇ ಮಡಚಿ ಜೇಬಿಗೆ ಹಾಕುತ್ತಾರೆ. ಹೆಜ್ಜಾರ್ಲೆ ಯಾವುದು ಅಂತಲೇ ಗೊತ್ತಿಲ್ಲದವರಿಗೆ ‘ಕಳೆದ ಸಲ ಹೇಳಿದ ಜೋಡಿ’ ಅಂದರೆ ಏನು ತಿಳಿಯುತ್ತದೆ, ಅಲ್ವಾ?

ಪ್ರತಿ ಸಲ ಪರಿಚಯ ಬರೆದರೆ ಹಳಬರಿಗೆ ಬೋರು. ಕೊಕ್ಕಿನ ಕೆಳಗೆ ಚೀಲ ಇದ್ದರೆ ಹೆಜ್ಜಾರ್ಲೆ, ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಗರಿ ಇದ್ದರೆ ಬಣ್ಣದ ಕೊಕ್ಕರೆ ಅಂತ ಮೂಲೆಯಲ್ಲಿ ಚಿಕ್ಕ ಚಿತ್ರದ ಜೊತೆ ಕೊಟ್ಟರೆ ಸಾಕಾ? ಓದುಗರು ತಾವು ಕಂಡಿದ್ದನ್ನು ಬರೆದು ಕೊಡಲು ಕೆಳಗೆ ಖಾಲಿ ಜಾಗ ಬಿಡುವ ಯೋಚನೆಯೂ ಇದೆ. ಹಾಗೆ ಮಾಡಿ ನೋಡಿದವರು ಇದ್ದೀರಾ? ಜನ ನಿಜವಾಗಿ ಬರೆದು ಕೊಟ್ಟರಾ? ಸುಮ್ನೆ ‘ಒಳ್ಳೆ ಕೆಲಸ’ ಅನ್ನಬೇಡಿ, ದಯವಿಟ್ಟು!