ದೊಡ್ಡ ಫೋಟೋಗ್ರಾಫರ್‌ಗಳಲ್ಲಿ ಇಷ್ಟೊಂದು ಜನ ಯಹೂದಿಗಳು ಹೇಗೆ?

ನೆಗೆಟಿವ್_ಪ್ರಿಯ:
ಫೋಟೋಗ್ರಫಿ ಇತಿಹಾಸ ಓದ್ತಾ ಇದೀನಿ. ಸ್ಟೀಗ್ಲಿಟ್ಸ್, ಕೆರ್ಟೆಸ್, ಮ್ಯಾನ್ ರೇ, ಕಾಪಾ, ಅವೆಡನ್, ಡಿಯಾನ್ ಆರ್ಬಸ್, ರಾಬರ್ಟ್ ಫ್ರಾಂಕ್, ಯಾರ ಮೂಲ ಹುಡುಕಿದ್ರೂ ಯಹೂದಿ ಮನೆತನ. ಇದು ಕಾಕತಾಳೀಯನಾ ಇಲ್ಲ ಏನಾದ್ರೂ ಕಾರಣ ಇದ್ಯಾ? ಮೊದಲು ಯಾರ ಕೆಲಸ ನೋಡ್ಲಿ?

ಕಪ್ಪುಬಿಳುಪು:
ಕಾರಣ ಇದೆ, ಆದ್ರೆ ಹುಟ್ಟಿನಿಂದಲೇ ಬಂದ ಕಲೆ ಅನ್ನೋದನ್ನ ನಾನು ಒಪ್ಪಲ್ಲ. ಆಗ ಅದು ಹೊಸ ಕಸುಬು, ತಲೆಮಾರುಗಳಿಂದ ಜಾಗ ಹಿಡ್ಕೊಂಡು ಕೂತಿರೋರು ಯಾರೂ ಇರ್ಲಿಲ್ಲ. 1925ರಲ್ಲಿ ಲೈಕಾ ಅನ್ನೋ ಪುಟ್ಟ ಕ್ಯಾಮೆರಾ ಮಾರ್ಕೆಟ್‌ಗೆ ಬಂತು, ಬರ್ಲಿನ್‌ನಲ್ಲಿ ಸಚಿತ್ರ ಪತ್ರಿಕೆಗಳು ಜೋರಾಗಿ ನಡೀತಿದ್ವು, ಬಹಳ ಜನ ಯಹೂದಿ ಹುಡುಗರು ಅಲ್ಲೇ ಕೆಲಸ ಕಲ್ತರು. 1933ರಲ್ಲಿ ನಾಜಿಗಳು ಅವರನ್ನ ಪತ್ರಿಕಾರಂಗದಿಂದಲೇ ಆಚೆ ಹಾಕಿದ್ರು. ಊರು ಬಿಟ್ಟು ಹೋಗೋನಿಗೆ ಅಲ್ಲಿನ ಭಾಷೆ ಬರದಿದ್ರೂ ಕೊರಳಲ್ಲಿರೋ ಕ್ಯಾಮೆರಾ ಅನ್ನ ಹಾಕುತ್ತೆ. ಐಸೆನ್‌ಸ್ಟಾಟ್ 1935ರಲ್ಲಿ ಅಮೆರಿಕಕ್ಕೆ ಹೋಗಿ ಲೈಫ್ ಪತ್ರಿಕೆ ಸೇರ್ಕೊಂಡ್ರು. ಎರಿಕ್ ಸಾಲೋಮನ್ ಹಾಲೆಂಡ್‌ಗೆ ಹೋಗಿ ಅಲ್ಲೇ ಉಳಿದ್ರು, ರಾಜಕಾರಣಿಗಳ ಸಹಜ ಭಂಗಿಗಳನ್ನ ಅವರಿಗೇ ಗೊತ್ತಾಗದ ಹಾಗೆ ಹಿಡೀತಿದ್ದ ಮನುಷ್ಯ, 1944ರಲ್ಲಿ ನಾಜಿಗಳ ಔಷ್ವಿಟ್ಸ್ ಶಿಬಿರದಲ್ಲಿ ಸತ್ತೋದ್ರು.

ಕಾಪಾ ನೋಡೋಕೆ ಮುಂಚೆ ಗೆರ್ಡಾ ಟಾರೋ ನೋಡಿ, ದಯವಿಟ್ಟು. ಕಾಪಾ ಅನ್ನೋ ಹುಸಿ ಹೆಸರನ್ನೇ ಅವರಿಬ್ರೂ ಪ್ಯಾರಿಸ್‌ನಲ್ಲಿ ಸೇರಿ ಹುಟ್ಟುಹಾಕಿದ್ದು. 1937ರಲ್ಲಿ ಸ್ಪೇನ್ ಯುದ್ಧದಲ್ಲಿ ತೀರಿಕೊಂಡಾಗ ಆಕೆಗೆ ಇನ್ನೂ 26. ಆಕೆ ತೆಗೆದ ಎಷ್ಟೋ ಚಿತ್ರಗಳು ವರ್ಷಗಟ್ಟಲೆ ಕಾಪಾ ಹೆಸರಲ್ಲೇ ಓಡಾಡಿದ್ವು, ಅದು ನೆನಪಾದಾಗಲೆಲ್ಲ ನನಗೆ ಸಂಕಟ ಆಗುತ್ತೆ.

ಡಾರ್ಕ್‌ರೂಮ್_ಅಕ್ಕ:
ಹೆನ್ರಿಕ್ ರಾಸ್ ಹೆಸರು ಯಾಕೆ ಯಾರೂ ಹೇಳಲ್ಲ? ಪೋಲೆಂಡಿನ ಲೋಡ್ಜ್ ಘೆಟ್ಟೋದಲ್ಲಿ ಕೂಡಿಹಾಕಿದ್ದ ಯಹೂದಿಗಳಿಗೆ ಗುರುತಿನ ಚೀಟಿ ಫೋಟೋ ತೆಗೆಯೋದು ಅವರ ಕೆಲಸ. ಫಿಲ್ಮ್ ಲೆಕ್ಕ ಹಾಕಿ ಕೊಡೋರು. ಅದಕ್ಕೆ ಮೆಟ್ಟಿಲು ಥರ ವೇದಿಕೆ ಮಾಡಿ ಹನ್ನೆರಡು ಜನರವರೆಗೂ ಒಂದೇ ನೆಗೆಟಿವ್‌ನಲ್ಲಿ ತೆಗೆದು ಆಮೇಲೆ ಒಂದೊಂದೇ ಮುಖ ಬೇರೆ ಮಾಡೋರು, ಉಳಿದ ಫಿಲ್ಮ್‌ನಲ್ಲಿ ಹಸಿವು, ಸಾವು, ರೈಲಿಗೆ ತುಂಬ್ತಿದ್ದ ಜನ ಎಲ್ಲಾ ಕದ್ದು ತೆಗೆದ್ರು. ಸಿಕ್ಕಿಬಿದ್ದಿದ್ರೆ ಜೀವ ಹೋಗ್ತಿತ್ತು. 1944ರಲ್ಲಿ ಎಲ್ಲಾನೂ ಪೆಟ್ಟಿಗೆಗೆ ಹಾಕಿ ಹೂತಿಟ್ರು, ಬದುಕುಳಿದು 1945ರಲ್ಲಿ ಅಗೆದು ತೆಗೆದಾಗ ಸುಮಾರು 6000 ನೆಗೆಟಿವ್‌ಗಳಲ್ಲಿ ಅರ್ಧದಷ್ಟು ಉಳಿದಿತ್ತು. ಮಿಕ್ಕಿದ್ದು ನೀರಿಗೆ ಹಾಳು. 1961ರಲ್ಲಿ ನಾಜಿ ಅಧಿಕಾರಿ ಐಕ್‌ಮನ್ ವಿಚಾರಣೆಯಲ್ಲಿ ಇವರೇ ಸಾಕ್ಷಿ ಹೇಳಿದ್ರು, ಫೋಟೋಗಳೂ ಸಾಕ್ಷಿಯಾದ್ವು.

ನೆಗೆಟಿವ್_ಪ್ರಿಯ:
ಅಕ್ಕಾ, ಈಗಷ್ಟೇ ರಾಸ್ ಫೋಟೋ ನೋಡ್ದೆ. ಅಂಚೆಲ್ಲ ನೀರು ತಿಂದು ಕರಗಿದೆ, ನಡುವೆ ಮುಖಗಳು ಮಾತ್ರ ಹಾಗೇ ಇದಾವೆ. ಇವತ್ತು ಬೇರೆ ಯಾರದ್ದೂ ನೋಡೋಕೆ ಆಗಲ್ಲ ನನ್ ಕೈಲಿ. ಟಾರೋ ನಾಳೆ.