ಪ್ರಶ್ನೋತ್ತರ: ವಾರಕ್ಕೆ ನಾಲ್ಕು ದಿನ ಹೋಟೆಲ್ ಊಟ, ಎಲ್ಲಿ ಕೂರಲಿ, ಎಂತ ತಿನ್ನಲಿ?

ಪ್ರಶ್ನೆ (ನಮ್ಮ ಗುಂಪಿನ ಅಂಕೋಲಾದ ಸದಸ್ಯರು)

ಮೇಡಂ, ನಮಸ್ಕಾರ. ನಾನು ಔಷಧ ಕಂಪನಿಯ ರೆಪ್. ಸೋಮವಾರ ಕಾರವಾರ, ಮಂಗಳವಾರ ಕುಮಟಾ-ಹೊನ್ನಾವರ, ಬುಧವಾರ ಭಟ್ಕಳ, ಗುರುವಾರ ದೇವಿಮನೆ ಘಾಟಿ ಹತ್ತಿ ಶಿರಸಿ. ಈ ನಾಲ್ಕೂ ದಿನ ಮಧ್ಯಾಹ್ನ ಹೋಟೆಲಲ್ಲೇ ಊಟ. ವಯಸ್ಸು 43. ಕಳೆದ ತಿಂಗಳ ರಕ್ತ ಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ 6.1 ಬಂತು, ಮಧುಮೇಹದ ಅಂಚು. ಬಿಪಿಯೂ ಸ್ವಲ್ಪ ಜಾಸ್ತಿ. ಡಾಕ್ಟರು ‘ಹೊರಗಿನದು ಕಡಿಮೆ ಮಾಡಿ’ ಅಂದರು. ಕೆಲಸ ಬಿಡಲು ಆಗುವುದಿಲ್ಲ, ಡಬ್ಬಿ ಒಯ್ದರೆ ನಮ್ಮ ಸೆಕೆಗೆ ಮಧ್ಯಾಹ್ನದೊಳಗೆ ಹಳಸುತ್ತದೆ. ಊರಿನ ಸಾಮಾನಲ್ಲೇ, ಬಣ್ಣ ಗಿಣ್ಣ ಹಾಕದೆ ಅಡುಗೆ ಮಾಡುವ ಹೋಟೆಲ್ ಗುರುತಿಸುವುದು ಹೇಗೆ? ‘ಮನೆ ಊಟ’ ಅಂತ ಬೋರ್ಡು ಎಲ್ಲರೂ ಬರೆಸಿರುತ್ತಾರೆ.

ಉತ್ತರ (ಆಹಾರ ತಜ್ಞೆ, ಕುಮಟಾ)

ನಮಸ್ಕಾರ. ಬೋರ್ಡು ನೋಡಬೇಡಿ. ಒಳಗೆ ಕೂತು ಒಂದೇ ಮಾತು ಕೇಳಿ: ‘ಇವತ್ತು ಎಂತ ಬಂದಿದೆ?’

‘ಎಲ್ಲಾ ಇದೆ ಸಾರ್, ಪಾಂಪ್ಲೆಟ್, ಇಸ್ವಾಣ, ಸಿಗಡಿ, ಯಾವುದು ಬೇಕು?’ ಅಂದರೆ ಆ ಮೀನು ಫ್ರಿಜ್‌ನಲ್ಲಿ ಎಷ್ಟು ದಿನದಿಂದ ಇದೆಯೋ ಎಂದು ಯೋಚನೆ ಮಾಡಿ. ‘ಇವತ್ತು ಬಂಗಡೆ, ತಾರ್ಲೆ ಅಷ್ಟೇ. ಇಸ್ವಾಣ ಇಲ್ಲ’ ಅಂದರೆ ನೆಮ್ಮದಿಯಿಂದ ಕೂರಿ. ದಿನಾ ಪೇಟೆಗೆ ಹೋಗಿ ತರುವವರ ಬಾಯಲ್ಲಿ ‘ಇಲ್ಲ’ ಅನ್ನುವ ಮಾತು ಬಂದೇ ಬರುತ್ತದೆ. ನಾನು ಇಷ್ಟು ವರ್ಷದಲ್ಲಿ ನಂಬಿದ ಗುರುತು ಅದೊಂದೇ.

ಕುಮಟಾದಲ್ಲಿ ನಾನು ಆಗಾಗ ಹೋಗುವ ಖಾನಾವಳಿ ಒಂದಿದೆ. ಆರು ಬೆಂಚು, ಅಷ್ಟೇ. ಬೆಳಿಗ್ಗೆ ಹತ್ತರ ಸುಮಾರಿಗೆ ಮೀನು ಮಾರುವ ಅಕ್ಕ ಬಾಗಿಲಲ್ಲಿ ಬುಟ್ಟಿ ಇಳಿಸುತ್ತಾರೆ. ಮಾಲಕಿ ಒಂದೊಂದೇ ಬಂಗಡೆಯ ಕಿವಿರು ಎತ್ತಿ ನೋಡುತ್ತಾರೆ. ಕೆಂಪಗಿದ್ದರೆ ಒಳಗೆ, ಕಂದು ತಿರುಗಿದ್ದರೆ ವಾಪಸ್ ಬುಟ್ಟಿಗೆ. ಕಾಯಿ, ಒಣಮೆಣಸು, ಕೊತ್ತಂಬರಿ, ಅರಿಶಿನ ರುಬ್ಬುತ್ತಾರೆ. ಹುಳಿಗೆ ನಾಲ್ಕು ಒಣ ಮುರುಗಲು (ಕೋಕಂ) ಸಿಪ್ಪೆ. ಇಳಿಸುವ ಮೊದಲು ಜಜ್ಜಿದ ಜುಮ್ಮನಕಾಯಿ (ಘಮದ ಮಸಾಲೆ ಕಾಯಿ) ಹಾಕಿದರೆ ಆ ಘಮ ರಸ್ತೆವರೆಗೂ ಬರುತ್ತದೆ. ಇಡೀ ಪಾತ್ರೆಗೆ ಬೇರೆ ಎಣ್ಣೆ ಬೀಳುವುದೇ ಇಲ್ಲ ಅನ್ನಬಹುದು. ಎರಡೂವರೆಗೆಲ್ಲ ಪಾತ್ರೆ ಖಾಲಿ. ಸಂಜೆಗೆ ಉಳಿಸುವ ಮಾತೇ ಇಲ್ಲ.

ನಿಮಗೆ ಬೇಕಾದ್ದು ಇಂಥ ಊಟ. ಮೀನಿನ ಸಾರು ಕೇಳಿ, ರವಾ ಫ್ರೈ ಬಿಡಿ. ರವೆ ಎಣ್ಣೆ ಹೀರುತ್ತದೆ, ಮೇಲಾಗಿ ಆ ಎಣ್ಣೆ ಎಷ್ಟನೇ ಸಲ ಕಾದದ್ದೋ ಗೊತ್ತಾಗುವುದಿಲ್ಲ. ಬಾಣಲೆಯ ಎಣ್ಣೆ ಕಪ್ಪಾಗಿ ನೊರೆ ಏಳುತ್ತಿದ್ದರೆ ಅಲ್ಲಿ ಕರಿದದ್ದು ಯಾವುದೂ ಬೇಡ. ಫ್ರೈ ತಿನ್ನಲೇಬೇಕು ಅನ್ನಿಸಿದರೆ ಕಾವಲಿ ಮೇಲೆ ಕಡಿಮೆ ಎಣ್ಣೆಯಲ್ಲಿ ಮಾಡಿಸಿ. ಮಸಾಲೆ ಹಚ್ಚುವ ಮೊದಲು ಮೀನು ತೋರಿಸಿ ಅಂತ ಕೇಳಲು ಸಂಕೋಚ ಬೇಡ, ಮಸಾಲೆ ಮೆತ್ತಿದ ಮೇಲೆ ಎಲ್ಲಾ ಮೀನೂ ತಾಜಾ ಕಾಣುತ್ತದೆ. ಇನ್ನು ದುಬಾರಿ ಮೀನೇ ಒಳ್ಳೆಯದು ಅನ್ನುವ ಲೆಕ್ಕ ಬಿಟ್ಟುಬಿಡಿ. ಹೃದಯಕ್ಕೆ ಒಳ್ಳೆಯದಾದ ಒಮೆಗಾ-3 ಕೊಬ್ಬು ಬಂಗಡೆ, ತಾರ್ಲೆಯಲ್ಲಿ ಚೆನ್ನಾಗಿಯೇ ಇದೆ.

ಅನ್ನ ಕುಚ್ಚಲಕ್ಕಿಯದು ಕೇಳಿ. ಭತ್ತವನ್ನು ಬೇಯಿಸಿ ಒಣಗಿಸಿ ಅಕ್ಕಿ ಮಾಡುವಾಗ ತೌಡಿನಲ್ಲಿರುವ ಬಿ ವಿಟಮಿನ್ ಸ್ವಲ್ಪ ಕಾಳಿನ ಒಳಗೆ ಇಳಿಯುತ್ತದೆ. ಆದರೆ ಕುಚ್ಚಲಕ್ಕಿ ಅಂತ ನಾಲ್ಕು ಸಲ ಬಡಿಸಿಕೊಂಡರೆ ಸಕ್ಕರೆ ಏರುವುದು ಏರಿಯೇ ಏರುತ್ತದೆ. ಒಂದೂವರೆ ಸೌಟು ಸಾಕು. ಪಲ್ಯ ಎರಡು ಸಲ ಹಾಕಿಸಿಕೊಳ್ಳಿ. ಏಪ್ರಿಲ್-ಮೇನಲ್ಲಿ ಕುಮಟಾದ ಅಳ್ವೆಕೋಡಿ, ಹಂದಿಗೋಣದ ಹತ್ತಿರ ಹೆದ್ದಾರಿ ಬದಿಗೆ ಸಿಹಿ ಈರುಳ್ಳಿ ಗೊಂಚಲು ನೇತು ಹಾಕಿರುತ್ತಾರಲ್ಲ, ಒಂದು ಗೊಂಚಲು ಗಾಡಿಯಲ್ಲಿ ಇಟ್ಟುಕೊಳ್ಳಿ. ಹಸಿಯಾಗಿ ಊಟದ ಜೊತೆ ತಿನ್ನಲು ಅದರಷ್ಟು ರುಚಿ ಬೇರೆ ಈರುಳ್ಳಿಗಿಲ್ಲ.

ಒಂದು ಎಚ್ಚರಿಕೆ. ನಮ್ಮೂರಿನದು ಅಂದ ಕೂಡಲೇ ಎಲ್ಲವೂ ನಿಮಗೆ ಸರಿ ಅಂತಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ, ಒಣಮೀನು, ಹಪ್ಪಳ ಮೂರರಲ್ಲೂ ಉಪ್ಪು ಜಾಸ್ತಿ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಉಪ್ಪು ದೊಡ್ಡವರಿಗೆ ಮಿತಿ. ನಿಮಗೆ ಬಿಪಿ ಇರುವುದರಿಂದ ಒಂದು ಊಟಕ್ಕೆ ಈ ಮೂರರಲ್ಲಿ ಒಂದು, ಅದೂ ಚೂರು. ಮುರುಗಲು ಶರಬತ್ತಿಗೆ ಸಿಪ್ಪೆಯನ್ನು ಸಕ್ಕರೆಯಲ್ಲೇ ಮುಳುಗಿಸಿ ಇಡುತ್ತಾರೆ. ಅದರ ಬದಲು ಚಿಟಿಕೆ ಉಪ್ಪು, ಜೀರಿಗೆ ಹಾಕಿದ, ಸಿಹಿಯಿಲ್ಲದ ಮುರುಗಲು ಕಡಿ ಕುಡಿಯಿರಿ. ಜೋನಿ ಬೆಲ್ಲವೂ ಸಕ್ಕರೆಯ ಲೆಕ್ಕವೇ. ಡಾಕ್ಟರು ಮಾತ್ರೆ ಕೊಟ್ಟಿದ್ದರೆ ಊಟ ಸರಿಯಾಯಿತು ಅಂತ ನೀವಾಗಿ ನಿಲ್ಲಿಸಬೇಡಿ.

ಶಿರಸಿಯ ಸದಸ್ಯೆ: ಮೇಡಂ, ನಾವು ಮೀನು ತಿನ್ನುವವರಲ್ಲ. ಪೇಟೆಗೆ ಬಂದರೆ ಮಕ್ಕಳು ಗೋಬಿ, ನೂಡಲ್ಸ್ ಅಂತ ಹಟ ಮಾಡುತ್ತಾರೆ. ನಮಗೆ ಯಾವ ಪ್ರಶ್ನೆ?

ಉತ್ತರ: ‘ಇವತ್ತು ಯಾವುದರ ತಂಬ್ಳಿ?’ ಅಂತ ಕೇಳಿ ಅಕ್ಕಾ. ಒಂದೆಲಗ, ದೊಡ್ಡಪತ್ರೆ, ಎಲವರಿಗೆ ಕುಡಿ, ಹೀಗೆ ಸೊಪ್ಪಿನ ಹೆಸರು ಬಂದರೆ ಅಡುಗೆಮನೆಯಲ್ಲಿ ಯಾರೋ ಬೆಳಿಗ್ಗೆ ಹಿತ್ತಲಿಗೆ ಹೋಗಿ ಬಂದಿದ್ದಾರೆ ಅಂತಲೇ ಅರ್ಥ. ತಂಬ್ಳಿಯನ್ನು ನಿನ್ನೆ ಮಾಡಿ ಇವತ್ತು ಬಡಿಸಲು ಆಗುವುದಿಲ್ಲ. ಸೊಪ್ಪು, ಜೀರಿಗೆ, ನಾಲ್ಕು ಕಾಳು ಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿ ಜೊತೆ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು. ಕುದಿಸುವುದಿಲ್ಲ, ಹಾಗಾಗಿ ಸ್ವಲ್ಪ ಹೊತ್ತಿಗೇ ಹುಳಿ ಏರುತ್ತದೆ. ತಂಬ್ಳಿ, ಹಸಿ (ಮೊಸರು ಬೆರೆಸಿದ ತರಕಾರಿ), ಒಂದು ಪಲ್ಯ, ಬೇಳೆಯದು ಏನಾದರೂ ಇದ್ದರೆ ಮಕ್ಕಳ ಊಟ ಪೂರ್ತಿ. ಬೇಳೆ ಮಾತ್ರ ಮರೆಯಬೇಡಿ, ನಮ್ಮ ಮಲೆನಾಡಿನ ಊಟದಲ್ಲಿ ಅದು ಕಡಿಮೆ ಬೀಳುತ್ತದೆ. ಬೆಳಿಗ್ಗೆಯಾದರೆ ಬನ್ಸ್ ಬದಲು ಮೊಗೆಕಾಯಿ ತೆಳ್ಳೇವು (ಸೌತೆಕಾಯಿಯ ತೆಳು ದೋಸೆ) ಕೊಡಿಸಿ. ಬನ್ಸ್ ಅಂದರೆ ಮೈದಾ, ಸಕ್ಕರೆ, ಕರಿದ ಎಣ್ಣೆ.

ಹೊನ್ನಾವರದ ಹೋಟೆಲ್ ಮಾಲೀಕರು: ನೀವು ಹೇಳುವುದು ಸರಿ ಮೇಡಂ. ಆದರೆ ನಮ್ಮ ಕಷ್ಟವೂ ಕೇಳಿ. ಕಬಾಬ್ ಕೆಂಪಗಿಲ್ಲದಿದ್ದರೆ ಗಿರಾಕಿ ‘ಬೆಂದಿಲ್ಲ’ ಅಂತ ವಾಪಸ್ ಕಳಿಸುತ್ತಾರೆ. ಬಂಗಡೆ ಸಾರು ಒಂದೇ ಇಟ್ಟರೆ ಪ್ರವಾಸಿಗರು ಎದ್ದು ಪಕ್ಕದ ಹೋಟೆಲಿಗೆ ಹೋಗುತ್ತಾರೆ.

ಉತ್ತರ: ಅಣ್ಣಾ, ನಿಮ್ಮ ಕಷ್ಟ ಸುಳ್ಳಲ್ಲ. ಆದರೆ ಬಣ್ಣದ ವಿಷಯದಲ್ಲಿ ಈಗ ಕಾನೂನು ನಿಮ್ಮ ಬೆನ್ನಿಗಿದೆ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಜೂನ್‌ನಲ್ಲಿ ಕಬಾಬಿಗೂ ಅದೇ ನಿಯಮ ಬಂತು. ಬಾಂಬೆ ಮಿಠಾಯಿಯಲ್ಲಿ ಸಿಕ್ಕಿದ್ದು ಬಟ್ಟೆಗೆ ಹಾಕುವ ರೋಡಮಿನ್-ಬಿ ಬಣ್ಣ! ‘ಕಾನೂನಿದೆ, ಹಾಕುವುದಿಲ್ಲ’ ಅಂತ ಗೋಡೆ ಮೇಲೆ ಬರೆದು ಹಾಕಿ. ಕೆಂಪು ಬೇಕಿದ್ದರೆ ಬ್ಯಾಡಗಿ ಮೆಣಸು ನೆನೆಸಿ ನುಣ್ಣಗೆ ರುಬ್ಬಿ. ಖಾರ ಕಡಿಮೆ, ಬಣ್ಣ ಸಾಕಷ್ಟು. ಪ್ರವಾಸಿಗರಿಗೆ ‘ಇವತ್ತಿನ ಮೀನು’ ಅಂತ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದಿನಾ ಬರೆದು ನೋಡಿ. ಈ ಗುಂಪಿನಲ್ಲಿರುವ ನಾವೂ ನಿಮ್ಮಂಥವರ ಹೋಟೆಲಿಗೇ ಹೋಗಬೇಕು. ಬರೀ ಬೈದರೆ ಏನೂ ಬದಲಾಗುವುದಿಲ್ಲ.

ಕಾರವಾರದ ಸದಸ್ಯರು: ಮಳೆಗಾಲದಲ್ಲಿ ಏನು ಮಾಡುವುದು ಮೇಡಂ? ಆಗಲೂ ಹೋಟೆಲಲ್ಲಿ ಎಲ್ಲಾ ಮೀನೂ ಇರುತ್ತದಲ್ಲ.

ಉತ್ತರ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ನಾಡದೋಣಿಯವರು ತರುವ ಸ್ವಲ್ಪ ಮೀನು, ಇಲ್ಲ ಹೊಳೆ ಮೀನು. ಉಳಿದದ್ದು ಐಸಿನಲ್ಲಿ ಇಟ್ಟದ್ದು, ಬೇರೆ ಕಡೆಯಿಂದ ಬಂದದ್ದು. ಒಂದು ಜುಲೈಯಲ್ಲಿ ಹೆದ್ದಾರಿ ಬದಿಯ ಹೋಟೆಲಲ್ಲಿ ‘ಫ್ರೆಶ್’ ಅಂದರು ಅಂತ ಇಸ್ವಾಣ ಫ್ರೈ ತೆಗೆದುಕೊಂಡೆ. ಮುರಿದರೆ ಹಿಟ್ಟಿನ ಹಾಗೆ ಉದುರಿತು, ಮೂಗಿಗೆ ಅಮೋನಿಯಾ ಘಾಟು. ಆದರೂ ಅರ್ಧ ತಿಂದೆ, ಎರಡು ದಿನ ಹೊಟ್ಟೆ ಕೆಟ್ಟಿತು. ಅಂಥ ವಾಸನೆ ಬಂದರೆ ದುಡ್ಡು ಹೋದರೂ ಹೋಗಲಿ, ತಿನ್ನಬೇಡಿ.

ಆ ಎರಡು ತಿಂಗಳು ಬೇರೆ ರುಚಿಯ ಕಾಲ ಅಲ್ವಾ? ಪತ್ರೊಡೆ, ಕೆಸುವಿನ ಕರಕಲಿ, ಕಳಲೆ (ಎಳೆ ಬಿದಿರು) ಪಲ್ಯ, ಹೆಸರುಕಾಳು ಸಾರು. ಕಳಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿ, ಆಮೇಲೆ ಬೇಯಿಸಬೇಕು. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ. ‘ಎಷ್ಟು ದಿನ ನೆನೆಸಿದಿರಿ?’ ಅಂತ ಕೇಳಿಯೇ ತಿನ್ನಿ. ಗೊತ್ತಿರುವವರು ಥಟ್ಟನೆ ಹೇಳುತ್ತಾರೆ.

ಅಂಕೋಲಾದ ಸದಸ್ಯರು (ಎರಡು ವಾರದ ನಂತರ): ಮೇಡಂ, ಇವತ್ತು ಶಿರಸಿಯಲ್ಲಿ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ಒಂದು ಸಣ್ಣ ಊಟದ ಮನೆ ಸಿಕ್ಕಿತು. ‘ಯಾವುದರ ತಂಬ್ಳಿ?’ ಅಂದೆ. ‘ಒಂದೆಲಗದ್ದಿತ್ತು, ಮುಗಿಯಿತು. ಹತ್ತು ನಿಮಿಷ ಕೂತರೆ ದೊಡ್ಡಪತ್ರೆಯದ್ದು ರುಬ್ಬಿ ಕೊಡ್ತೇನೆ’ ಅಂದರು ಅಲ್ಲಿಯ ಅಮ್ಮ. ಕೂತೆ.

ಉತ್ತರ: ತುಂಬಾ ಖುಷಿಯಾಯಿತು. ಪ್ರತಿ ಗುರುವಾರ ಅಲ್ಲಿಗೇ ಹೋಗಿ, ಅವರಿಗೂ ಒಬ್ಬ ಖಾಯಂ ಗಿರಾಕಿ ಸಿಕ್ಕ ಹಾಗಾಗುತ್ತದೆ. ಅನ್ನ ಎಷ್ಟು ಸೌಟು ಹಾಕಿಸಿಕೊಂಡಿರಿ ಅಂತ ಬರೆದಿಲ್ಲವಲ್ಲ, ಅದನ್ನೂ ಬರೆಯಿರಿ. ಮೂರು ತಿಂಗಳು ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ, ರಿಪೋರ್ಟನ್ನು ನನಗೆ ಖಾಸಗಿಯಾಗಿ ಕಳಿಸಿ.