ಸ್ವಯಂಸೇವಕರು ಕಟ್ಟಿದ ತಂತ್ರಾಂಶದಿಂದ ಕಾಫಿ ವ್ಯವಹಾರಕ್ಕೆ ಪಾಠವಿದೆಯೇ? – ಅನುಭವ ಹಂಚಿಕೆ

ಪ್ರಶ್ನೆ (ಸೋಮವಾರಪೇಟೆ): ನಮ್ಮ ಸಣ್ಣ ಕಾಫಿ ಸಂಸ್ಕರಣಾ ಘಟಕದಲ್ಲಿ ಪ್ರತಿಯೊಂದು ತೀರ್ಮಾನಕ್ಕೂ ಎಲ್ಲರೂ ನನ್ನನ್ನೇ ಕಾಯುತ್ತಾರೆ. ಕಂಪ್ಯೂಟರ್ ನಡೆಸುವ ಲಿನಕ್ಸ್‌ನಂತಹ ತಂತ್ರಾಂಶವನ್ನು ದೂರದೂರದ ಸ್ವಯಂಸೇವಕರು ಸೇರಿ ಬೆಳೆಸಿದರೆಂದು ಕೇಳಿದ್ದೇನೆ. ಅವರ ಕ್ರಮದಲ್ಲಿ ನಮಗೆ ಉಪಯೋಗವಾಗುವುದು ಏನಾದರೂ ಇದೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ (ಕುಶಾಲನಗರ): ಖಂಡಿತ ಇದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು, ತೀರ್ಮಾನದ ಜೊತೆಗೆ ಅದರ ಕಾರಣವನ್ನೂ ಎಲ್ಲರ ಕಣ್ಣಿಗೆ ಬೀಳುವಂತೆ ಬರೆದಿಡುವುದು. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಯಾರೇ ಬದಲಾವಣೆ ಕಳುಹಿಸಿದರೂ ಅದು ಏಕೆ ಬೇಕೆಂಬ ವಿವರಣೆ ಜೊತೆಗಿರಬೇಕು. ಆಯಾ ಭಾಗದ ಹೊಣೆ ಹೊತ್ತವರು ಅದನ್ನು ಬಹಿರಂಗವಾಗಿ ಪರಿಶೀಲಿಸುತ್ತಾರೆ. ಹೀಗೆಯೇ ಮುಕ್ತ ತಂತ್ರಾಂಶ ಬೆಳೆಸುವ ಅಪಾಚೆ ಸಂಸ್ಥೆಯ ಯೋಜನೆಗಳಲ್ಲಿ ಕೋಡ್ ಬದಲಾವಣೆಯನ್ನು ತಡೆಯುವ ಅಧಿಕಾರವಿರುವವರು ಕೂಡ ತಾಂತ್ರಿಕ ಕಾರಣ ಕೊಡದಿದ್ದರೆ ಆ ತಡೆ ಊರ್ಜಿತವಾಗುವುದಿಲ್ಲ. ಸ್ವಇಚ್ಛೆಯಿಂದ ಬಂದವರನ್ನು ಬರೀ ಆದೇಶದಿಂದ ಉಳಿಸಿಕೊಳ್ಳಲಾಗದು.

ಕಾಫಿ ಒಣಗಿಸುವ ನಮ್ಮ ಕಣದಲ್ಲಿ ಇದಕ್ಕಾಗಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಲೆಕ್ಕ ಬರೆಯುವ ರೈಟರ್ ಅದರಲ್ಲಿ ಹೀಗೆ ಬರೆದಿದ್ದರು: "ಪೂರ್ವದ ಮೂಲೆಗೆ ಸಿಲ್ವರ್ ಓಕ್ ನೆರಳು ಬೀಳುವುದರಿಂದ ಇಬ್ಬನಿ ಬೇಗ ಆರುವುದಿಲ್ಲ, ಪಾರ್ಚ್‌ಮೆಂಟ್ (ತಿರುಳು ತೆಗೆದ ಕಾಫಿ ಬೀಜ) ಅನ್ನು ಮೊದಲು ಪಶ್ಚಿಮದ ಕಡೆ ಹರಡಬೇಕು." ಮರುವರ್ಷ ಬಂದ ಹೊಸ ಮೇಸ್ತ್ರಿಯವರು ಅದನ್ನು ಓದಿ ಹಾಗೆಯೇ ಹರಡಿಸಿದರು, ಆ ಮರಗಳ ಕೊಂಬೆ ಕಡಿಸಿ ನೆರಳು ತಪ್ಪಿದ ಮೇಲೆ, ಕಾರಣ ಗೊತ್ತಿದ್ದುದರಿಂದಲೇ, ನನ್ನನ್ನು ಕೇಳದೆ ಆ ಕ್ರಮವನ್ನು ಕೈಬಿಟ್ಟು, ಏಕೆ ಬಿಟ್ಟೆನೆಂದು ಅದರ ಕೆಳಗೇ ಬರೆದರು.

ಇನ್ನು ಹೊಣೆಯನ್ನು ವಹಿಸಿಕೊಡುವ ವಿಷಯ. ಲಿನಕ್ಸ್ ಆರಂಭಿಸಿದ ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಕೋಡ್ ಬದಲಾವಣೆಗಳ ದಾಖಲೆ ಇಡುವ ಗಿಟ್ ತಂತ್ರಾಂಶವನ್ನು ಆರಂಭಿಸಿ, ಅದೇ ವರ್ಷದ ಜುಲೈನಲ್ಲಿ ಅದರ ನಿರ್ವಹಣೆಯನ್ನು ಜುನಿಯೊ ಹಮಾನೊ ಅವರಿಗೆ ಒಪ್ಪಿಸಿದರು. ತಾವು ಕೂಡ ಸಣ್ಣ ಘಟಕವಾದರೂ ಒಂದು ವಿಭಾಗವನ್ನು ಪೂರ್ತಿಯಾಗಿ ಒಬ್ಬರಿಗೆ ವಹಿಸಿ ನೋಡಿ.

ಉತ್ತರ (ಗೋಣಿಕೊಪ್ಪಲು): ಮೇಲಿನವರ ಮಾತನ್ನು ಒಪ್ಪುತ್ತಲೇ ಒಂದು ಎಚ್ಚರಿಕೆ ಸೇರಿಸುತ್ತೇನೆ. ಸ್ವಯಂಸೇವೆಯ ಹೆಸರಿನಲ್ಲಿ ಕೆಲಸಗಾರರಿಂದ ಪುಕ್ಕಟೆ ದುಡಿಮೆ ಬಯಸಬಾರದು. ಇಂದು ಲಿನಕ್ಸ್ ಕರ್ನಲ್‌ನ ಬಹುಪಾಲು ಕೆಲಸ ಮಾಡುವವರು ಕಂಪನಿಗಳ ಸಂಬಳದವರೇ. ಅಸಂಖ್ಯ ಜಾಲತಾಣಗಳು ಮಾಹಿತಿಯನ್ನು ಗುಪ್ತವಾಗಿ ಸಾಗಿಸಲು ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವನ್ನು ಬೆರಳೆಣಿಕೆಯ ಮಂದಿ ಅಲ್ಪ ದೇಣಿಗೆಯಲ್ಲಿ ನೋಡಿಕೊಳ್ಳುತ್ತಿದ್ದರು; 2014ರಲ್ಲಿ ಅದರ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದ ಮೇಲಷ್ಟೇ ದೊಡ್ಡ ಕಂಪನಿಗಳು ಒಟ್ಟಾಗಿ ಹಣ ಹೂಡಲು ಮುಂದಾದವು. ಆದ್ದರಿಂದ ನೋಟ್‌ಬುಕ್ ಬರೆಯುವ ಮತ್ತು ಹೊಸಬರಿಗೆ ಕಲಿಸುವ ಸಮಯವನ್ನು ಕೂಲಿಯ ಲೆಕ್ಕಕ್ಕೇ ಸೇರಿಸಿ. ನಮ್ಮಲ್ಲಿ ಶನಿವಾರ ಬಟವಾಡೆಗೆ ಮುಂಚಿನ ಅರ್ಧ ಗಂಟೆಯನ್ನು ಅದಕ್ಕೆಂದೇ ಮೀಸಲಿಟ್ಟಿದ್ದೇವೆ.